570001 ಯಾವುದರಿಂದಲೂ ಭಾಗ ಹೋಗಲ್ವಾ?

ಮಂಡ್ಯದವಳು:
ತಂಗಿಯ ಲಗ್ನಪತ್ರಿಕೆಗಳಿಗೆ ವಿಳಾಸ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮೈಸೂರಿನ ನೆಂಟರೇ ಜಾಸ್ತಿ. ಅಲ್ಲಿನ ಪಿನ್‌ಕೋಡ್ 570001 ಅಂತ ಬರೆದೂ ಬರೆದೂ ಒಂದು ಹುಚ್ಚು ಹಿಡಿಯಿತು. ಇದನ್ನು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯೋದು ಹೇಗೆ?

ನಮ್ಮ ಮಂಡ್ಯದ 571401 ಪಾಪ, ತಕ್ಷಣ ಒಡೆಯಿತು. ಅಂಕಿ ಕೂಡಿದರೆ 18, ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಕೊನೆಗೆ 27 × 21163 ಬಂತು. ಮೈಸೂರಿನದು ಜಗ್ಗುತ್ತಿಲ್ಲ. 2, 3, 5, 19 ಎಲ್ಲಕ್ಕೂ ಶೇಷ 1. 59ರಲ್ಲಿ ಸಿಕ್ಕೇಬಿಟ್ಟಿತು ಅಂದುಕೊಂಡೆ. 59 × 9661 = 569999, ಎರಡು ಉಳಿಯಿತು! ಅರಿಶಿನ ಜಾಸ್ತಿಯಾಗಿ ಹಾಳಾದ ಒಂದು ಕವರಿನ ಹಿಂದೆ 97ರವರೆಗೆ ಮಾಡಿದ್ದೇನೆ. ಅಮ್ಮ ಬೈಯುತ್ತಿದ್ದಾಳೆ. ಎಲ್ಲಿಗೆ ನಿಲ್ಲಿಸಲಿ?

ನಿವೃತ್ತ ಮೇಷ್ಟ್ರು:
755ಕ್ಕೆ ನಿಲ್ಲಿಸಮ್ಮ. 755 × 755 = 570025, ನಿನ್ನ ಸಂಖ್ಯೆಗಿಂತ 24 ಜಾಸ್ತಿ. ಅದು ಎರಡು ಭಾಗವಾಗಿ ಒಡೆಯುವುದಾದರೆ ಒಂದು ಭಾಗ 755ಕ್ಕಿಂತ ಚಿಕ್ಕದಿರಲೇಬೇಕು. ಅಲ್ಲಿಯವರೆಗೆ ಅವಿಭಾಜ್ಯ ಸಂಖ್ಯೆಗಳು 133. ನೀನು 25 ಮುಗಿಸಿದ್ದೀಯ, ಉಳಿದ 108 ನಾನು ಮಾಡಿದೆ. ಮಧ್ಯಾಹ್ನದ ನಿದ್ದೆ ಹೋಯಿತು, ಇರಲಿ. ಕೊನೆಯ 751ಕ್ಕೂ ಜಗ್ಗಲಿಲ್ಲ. 570001 ಅವಿಭಾಜ್ಯ.

ಸರಸ್ವತಿಪುರಂ ಹುಡುಗ:
ಸರ್, ನಿಮ್ಮ 751 ನಮ್ಮ ಮನೆಗೆ ಬಂದಿದೆ! ನಮ್ಮ ಪಿನ್ 570009 = 3 × 11 × 23 × 751. ಅಂದಹಾಗೆ, 1972ರಲ್ಲಿ ಪಿನ್‌ಕೋಡ್ ಶುರುವಾದಾಗ ಇದನ್ನೆಲ್ಲ ನೋಡಿ ಕೊಟ್ಟಿದ್ದಲ್ಲ ಬಿಡಿ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು, ಅಷ್ಟೇ.

ಮಂಡ್ಯದವಳು:
ಮೇಷ್ಟ್ರೇ, ತಪ್ಪು ತಿಳಿಯಬೇಡಿ. 133 ಭಾಗಾಕಾರದಲ್ಲಿ ಒಂದು ಕಡೆ ನಾನೋ ನೀವೋ ಎಡವಿದ್ದರೆ?

ನಿವೃತ್ತ ಮೇಷ್ಟ್ರು:
ಅದೇ ಅನುಮಾನ ನನಗೂ ಇತ್ತು. ಬೇರೆ ದಾರಿಯಲ್ಲೂ ನೋಡಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಗಣಿತಜ್ಞ ಫರ್ಮಾ 1640ರಲ್ಲಿ ಒಂದು ಪತ್ರದಲ್ಲಿ ಹೇಳಿದ್ದು, ಸಾಧಿಸಿ ತೋರಿಸಿದ್ದು ಆಮೇಲೆ ಬಂದ ಗಣಿತಜ್ಞ ಆಯ್ಲರ್. ಎರಡನೇ ಜೋಡಿ ಸಿಕ್ಕಿದರೆ ಸಂಖ್ಯೆ ಒಡೆಯಿತು ಅಂತಲೇ ಅರ್ಥ. 1000009 ನೋಡು: 1000ದ ವರ್ಗಕ್ಕೆ 3ರ ವರ್ಗ ಕೂಡಿದರೂ ಅದೇ, 972ರ ವರ್ಗಕ್ಕೆ 235ರ ವರ್ಗ ಕೂಡಿದರೂ ಅದೇ. ಅದು 293 × 3413.

ನಿನ್ನ ಸಂಖ್ಯೆಗೆ ಸಿಕ್ಕಿದ್ದು ಒಂದೇ ಜೋಡಿ, 624 ಮತ್ತು 425. ಇವೆರಡಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಭಾಜಕ ಇಲ್ಲ. ಇಂಥ ಜೋಡಿ ಒಂದೇ ಒಂದು ಇದ್ದರೆ ಸಂಖ್ಯೆ ಅವಿಭಾಜ್ಯ ಅಂತಲೇ ಅರ್ಥ. ವರ್ಗ ಮಾಡಿ ಕೂಡಿ ನೋಡು.

ಮಂಡ್ಯದವಳು:
389376 + 180625. ಅಯ್ಯೋ, ಸರಿಯಾಗಿ ಬಂತು!

ಆದರೆ ಈ ಗಲಾಟೆಯಲ್ಲಿ ಸರಸ್ವತಿಪುರಂ ದೊಡ್ಡಪ್ಪನ ಕವರಿಗೂ 570001 ಬರೆದುಬಿಟ್ಟಿದ್ದೇನೆ. 1ನ್ನು 9 ಮಾಡುತ್ತಾ ಕೂತಿದ್ದೇನೆ ಈಗ.