ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಹಾಕಿಸಬಹುದಾ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ನಮ್ಮ ಬಚ್ಚಲು ಸಣ್ಣದು, ಒಂದೇ ಕಿಟಕಿ. ಮಳೆಗಾಲದಲ್ಲಿ ಎರಚಲು ಜೋರು, ಅವ್ವ ಅದನ್ನೂ ಮುಚ್ಚಿಬಿಡುತ್ತಾಳೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಅಂತಾನೆ ಪ್ಲಂಬರ್. ಸಾಕಾಗುತ್ತಾ?

ಉತ್ತರ:
ಸಾಲದು ಅಕ್ಕಾರ. ನಾನು ಇದೇ ಕೆಲಸ ಮಾಡುವವನು. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದಕ್ಕೆ ವಾಸನೆಯೇ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟು ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮೈಗೆ ಆಕ್ಸಿಜನ್ ಸಿಗುವುದಿಲ್ಲ. ಮೊದಲು ತಲೆನೋವು, ಸುತ್ತು. ಆಮೇಲೆ ಚಿಲಕ ತೆಗೆಯಲೂ ಕೈ ಏಳುವುದಿಲ್ಲ. ಇನ್ನು ಫ್ಯಾನ್: ಕಿಟಕಿ, ಬಾಗಿಲು ಮುಚ್ಚಿ ಅದನ್ನು ತಿರುಗಿಸಿದರೆ, ಹೊಗೆ ಕೊಳವೆಯಿಂದ ಹೋಗಬೇಕಾದ ಹೊಗೆಯನ್ನೇ ವಾಪಸ್ ಒಳಗೆ ಎಳೆಯಬಹುದು. ಗೀಸರ್ ಹಿತ್ತಲ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ಪ್ರಶ್ನೆ ಕೇಳಿದವರು:
ಹೊರಗೆ ಮಳೆಗೆ ನೆನೆಯಲ್ವಾ?

ಉತ್ತರ:
ಮೇಲೆ ತಗಡು ಹಾಕಿ, ಸುತ್ತ ಮುಚ್ಚಬೇಡಿ. ಕಿಟಕಿಯ ಕೆಳಗಂತೂ ಬೇಡವೇ ಬೇಡ.

ಇನ್ನೊಬ್ಬರು (ಖಾನಾಪುರ):
ಉರಿ ನೀಲಿ ಇರಬೇಕು. ಹಳದಿಯಾದರೆ ಬಂದ್ ಮಾಡಿ ಮೆಕ್ಯಾನಿಕ್‌ನ ಕರೆಸಿ. ನಾವಂತೂ ಸೋಲಾರ್ ಹಾಕಿಸಿದೆವು, ಆದರೆ ಜುಲೈನಲ್ಲಿ ನಮ್ಮ ಕಡೆ ಸೂರ್ಯ ಎಲ್ಲಿ ಕಾಣ್ತಾನೆ ಹೇಳಿ!