ರೊಟೊರುವಾದ ಬಿಸಿನೀರಿನ ಬುಗ್ಗೆಗಳು: ಹಿರಿಯರನ್ನು ಕರೆದೊಯ್ಯುವಾಗ ಯಾವ ಎಚ್ಚರ ಬೇಕು?

ಪ್ರಶ್ನೆ:
ನಾವು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನೆಲೆಸಿದ್ದೇವೆ. ಪುತ್ತೂರಿನಿಂದ ಬಂದಿರುವ ಅತ್ತೆ-ಮಾವನವರನ್ನು ಎರಡು ದಿನಗಳ ಮಟ್ಟಿಗೆ ರೊಟೊರುವಾಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಊರಿನ ಬೆಂದ್ರುತೀರ್ಥದ ಉಗುರುಬೆಚ್ಚಗಿನ ನೀರಲ್ಲದೆ ಬೇರೆ ಬಿಸಿನೀರಿನ ಬುಗ್ಗೆಯನ್ನು ಅವರು ಕಂಡವರಲ್ಲ. ಮೂರು ಮುಳುಗು ಹಾಕಿ ಸ್ನಾನ ಮಾಡಬೇಕೆಂಬುದು ಅತ್ತೆಯವರ ಆಸೆ, ಮಾವನವರಿಗೆ ಉಬ್ಬಸವಿದೆ. ಎಲ್ಲಿಗೆ ಹೋಗಬೇಕು, ಯಾವ ಎಚ್ಚರ ಬೇಕು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಮುಳುಗಿನ ವಿಷಯ. ಅಲ್ಲಿನ ನೈಸರ್ಗಿಕ ಬಿಸಿನೀರಿನಲ್ಲಿ ತಲೆ ಮುಳುಗಿಸಲೇಬಾರದು ಎಂದು ಅತ್ತೆಯವರಿಗೆ ಹೊರಡುವ ಮುಂಚೆಯೇ ತಿಳಿಹೇಳಿ. ಆ ನೀರಿನಲ್ಲಿ ಇರಬಹುದಾದ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿ ಸೋಂಕು ತರುತ್ತದೆ. ಬರುವುದು ಅಪರೂಪವಾದರೂ ಬಂದರೆ ಬದುಕುವುದು ಕಷ್ಟ. ನನ್ನ ತಾಯಿ ಭುಜದವರೆಗೆ ನೀರಿನಲ್ಲಿ ಕುಳಿತು, ಕೈಮುಗಿದು, ಅಷ್ಟಕ್ಕೇ ಸಮಾಧಾನಪಟ್ಟರು.

ಊರು ಹತ್ತಿರವಾದಂತೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ; ಅದು ನೆಲದಿಂದೇಳುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಮಾವನವರ ಬಗ್ಗೆ ವೈದ್ಯರನ್ನು ಕೇಳಿಯೇ ಹೊರಡಿ, ಇನ್‌ಹೇಲರ್ ಜೊತೆಗಿರಲಿ, ತಂಗುವ ಕೋಣೆಯ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಬೆಳ್ಳಿಯ ಒಡವೆಗಳನ್ನು ಮನೆಯಲ್ಲೇ ಬಿಡಿ: ನನ್ನ ಕಾಲುಂಗುರಗಳು ಒಂದೇ ಸ್ನಾನಕ್ಕೆ ಬಾಣಲೆಯ ತಳದಂತೆ ಕಪ್ಪಾದವು, ಹುಣಸೆಹಣ್ಣಿನಲ್ಲಿ ತಿಕ್ಕಿದರೂ ಹಳೆಯ ಹೊಳಪು ಬರಲಿಲ್ಲ.

ಉತ್ತರ 2:
ಒಂದೇ ಜಾಗಕ್ಕೆ ಹೋಗುವಷ್ಟು ಸಮಯವಿದ್ದರೆ ಫಕರೇವರೇವಾ ಕಣಿವೆಗೆ ಹೋಗಿ. ಅಲ್ಲಿಯ ಪೊಹುಟು ಎಂಬ ಗೀಸರ್, ಅಂದರೆ ನೆಲದಿಂದ ಆಗಾಗ ಉಕ್ಕುವ ಬಿಸಿನೀರಿನ ಬುಗ್ಗೆ, 30 ಮೀಟರ್ ಎತ್ತರದವರೆಗೂ ಚಿಮ್ಮುತ್ತದೆ. ಮನೆಗಳವರು, ಹೋಟೆಲಿನವರು ಕೊಳವೆಬಾವಿ ಕೊರೆದು ಬಿಸಿನೀರನ್ನು ಎಳೆದುಕೊಂಡದ್ದರಿಂದ ನೆಲದಡಿಯ ಒತ್ತಡ ಕುಸಿದು ಬುಗ್ಗೆಗಳು ಸೊರಗತೊಡಗಿದಾಗ, 1980ರ ದಶಕದಲ್ಲಿ ಸರ್ಕಾರವು ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಕೊಳವೆಬಾವಿಗಳನ್ನು ಮುಚ್ಚಿಸಿತು. ಆಮೇಲೆ ಬುಗ್ಗೆಗಳು ಚೇತರಿಸಿಕೊಂಡವು. ಕೊಳವೆಬಾವಿಗಳಿಂದ ತೆರೆದ ಬಾವಿಗಳನ್ನು ಬತ್ತಿಸಿಕೊಂಡ ನಾಡಿನಿಂದ ಹೋದ ನನಗೆ, ಆ ನೀರು ಚಿಮ್ಮಿದಾಗ ಕಣ್ಣು ತುಂಬಿತು.

ಪಕ್ಕದ ಹಳ್ಳಿಯನ್ನು ತಪ್ಪಿಸಬೇಡಿ. 1886ರ ಜೂನ್ 10ರಂದು ತರವೆರಾ ಜ್ವಾಲಾಮುಖಿ ಸಿಡಿದು ಮನೆಮಠ ಕಳೆದುಕೊಂಡ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಆಶ್ರಯ ಸಿಕ್ಕಿದ್ದು ಇಲ್ಲಿಯೇ, ಅವರ ವಂಶದವರು ಇಂದಿಗೂ ಇಲ್ಲಿಯೇ ಬಾಳುತ್ತಿದ್ದಾರೆ. ಮುಸುಕಿನ ಜೋಳದ ತೆನೆಗಳನ್ನು ಚೀಲದಲ್ಲಿ ಕಟ್ಟಿ ಕುದಿಯುವ ಕೊಳಕ್ಕೆ ಇಳಿಬಿಟ್ಟು ಬೇಯಿಸುತ್ತಾರೆ. ಮಾಂಸವನ್ನು ನೆಲದ ಹಬೆಯಲ್ಲಿ ಬೇಯಿಸುವುದರಿಂದ ಸಸ್ಯಾಹಾರಿಗಳು ಜೋಳವನ್ನೇ ಕೇಳಬೇಕು. ಅದು ಅವರ ಮನೆಯಂಗಳ ಎಂಬುದು ಮಕ್ಕಳಿಗೂ ತಿಳಿದಿರಲಿ, ಬೇಲಿಯನ್ನಂತೂ ದಾಟಬೇಡಿ. ಗಟ್ಟಿಯಾಗಿ ಕಾಣುವ ನೆಲ ಕೆಲವೆಡೆ ತೆಳುವಾದ ಹೊದಿಕೆಯಷ್ಟೇ.

ಉತ್ತರ 3:
ಹಿರಿಯರಿಗೆ ಹೆಚ್ಚು ನಡೆಯಲಾಗದಿದ್ದರೆ ಊರೊಳಗಿನ ಕುಯಿರಾವ್ ಉದ್ಯಾನ ಸಾಕು. ಪ್ರವೇಶಶುಲ್ಕವಿಲ್ಲ, ಕುದಿಯುವ ಕೆಸರನ್ನು ಹತ್ತಿರದಿಂದ ನೋಡಬಹುದು, ಕಾಲು ಇಳಿಬಿಟ್ಟು ಕೂರಲು ಬಿಸಿನೀರಿನ ತೊಟ್ಟಿಗಳಿವೆ. ಇಳಿಬಿಡುವ ಮೊದಲು ನೀವೇ ಕೈಯಿಟ್ಟು ಬಿಸಿ ನೋಡಿ. ಮಧುಮೇಹದಿಂದ ಪಾದ ಜೋಮುಹಿಡಿದವರಿಗೆ ಸುಡುವುದೇ ಗೊತ್ತಾಗುವುದಿಲ್ಲ.