ಮಣ್ಣಿನ ನೀರಿನ ಲೆಕ್ಕ: ಆರ್ ಸ್ಕ್ವೇರ್ 0.88 ಇದ್ದರೂ ಇಷ್ಟು ತಪ್ಪು ಯಾಕೆ?

ನಾಲೆಬದಿ (ಮಂಡ್ಯ): ಎಲ್ಲರಿಗೂ ನಮಸ್ಕಾರ. ಕಬ್ಬಿಗೆ ಡ್ರಿಪ್ ಹಾಕಿದ್ದೇವೆ. ಎಷ್ಟು ನೀರು ಬಿಡಬೇಕು ಅಂತ ತಿಳಿಯೋಕೆ ವಿ.ಸಿ. ನಾಲೆ ಬಯಲಿನಲ್ಲೂ ನಾಗಮಂಗಲದ ಕಡೆಯೂ ಸೇರಿ 24 ಮಣ್ಣಿನ ಮಾದರಿ ತೆಗೆದೆ. ಮರಳು, ಜೇಡಿ, ಸಾವಯವ ಇಂಗಾಲದ ಅಂಕಿ ಹಾಕಿ ಸ್ಯಾಕ್ಸ್‌ಟನ್-ರಾಲ್ಸ್ 2006ರ ಸೂತ್ರದಲ್ಲಿ 33 ಕಿಲೋಪಾಸ್ಕಲ್‌ನ ನೀರು, ಅಂದರೆ ನೆನೆದು ಬಸಿದ ಮೇಲೆ ಮಣ್ಣು ಹಿಡಿದಿಟ್ಟುಕೊಳ್ಳುವ ನೀರು, ಲೆಕ್ಕ ಮಾಡಿದೆ. ಲ್ಯಾಬಿನ ಪ್ರೆಷರ್ ಪ್ಲೇಟ್ (ಒತ್ತಡ ಹಾಕಿ ಮಣ್ಣಿನಲ್ಲಿ ಉಳಿಯುವ ನೀರು ಅಳೆಯುವ ಸಾಧನ) ಅಂಕಿ ಜೊತೆ ಆರ್ ಸ್ಕ್ವೇರ್ (ಎರಡೂ ಅಂಕಿ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, 1 ಆದರೆ ಪೂರ್ತಿ) 0.88. ಆದರೆ ಆರ್‌ಎಂಎಸ್‌ಇ (ತಪ್ಪುಗಳ ವರ್ಗದ ಸರಾಸರಿಯ ವರ್ಗಮೂಲ) 0.10! ಅಮೆರಿಕದ ಮಣ್ಣು ನೋಡಿ ಕಟ್ಟಿದ ಸೂತ್ರ ನಮ್ಮ ಕೆಮ್ಮಣ್ಣಿಗೆ ಆಗಲ್ವಾ?

ಮಣ್ಣುಮಾತು (ಮೈಸೂರು): ಸೂತ್ರವನ್ನು ಈಗಲೇ ಬಿಡಬೇಡಿ ಸರ್. ಸರಾಸರಿ ತಪ್ಪು ಎಷ್ಟು? ಲ್ಯಾಬಿನವರು ಕೊಟ್ಟಿರುವುದು ತೂಕದ ಶೇಕಡಾನಾ, ಗಾತ್ರದ್ದಾ?

ನಾಲೆಬದಿ: ಸರಾಸರಿ 0.09, ಸೂತ್ರವೇ ಜಾಸ್ತಿ ಹೇಳುತ್ತಿದೆ. ಲ್ಯಾಬಿನದು ತೂಕದ ಶೇಕಡಾ.

ಮಣ್ಣುಮಾತು: ಸಿಕ್ಕಿತು. ಸೂತ್ರ ಕೊಡುವುದು ಗಾತ್ರದ ಲೆಕ್ಕ. ತೂಕದಲ್ಲಿ ಶೇ. 18 ನೀರಿದ್ದು ಬಲ್ಕ್ ಡೆನ್ಸಿಟಿ (ಒಂದು ಘನ ಸೆಂ.ಮೀ. ಜಾಗದಲ್ಲಿರುವ ಒಣಮಣ್ಣಿನ ತೂಕ, ಗ್ರಾಂನಲ್ಲಿ) 1.5 ಆದರೆ, ಗಾತ್ರದಲ್ಲಿ ಶೇ. 27. ಆ 9 ಅಲ್ಲೇ ಇದೆ ನೋಡಿ.

ಆರ್ ಸ್ಕ್ವೇರ್ ಇದನ್ನು ತೋರಿಸುವುದೇ ಇಲ್ಲ. ಕಬ್ಬಿನ ವೇಬ್ರಿಡ್ಜ್ ಪ್ರತಿ ಗಾಡಿಗೂ ಒಂದು ಕ್ವಿಂಟಲ್ ಜಾಸ್ತಿ ತೋರಿಸಿದರೂ ದೊಡ್ಡ ಲೋಡು ದೊಡ್ಡದಾಗಿ, ಚಿಕ್ಕದು ಚಿಕ್ಕದಾಗಿಯೇ ಕಾಣುತ್ತದೆ, ಅಲ್ವಾ? ಹಾಗಾಗಿ ನಾನು ಯಾವಾಗಲೂ ತಪ್ಪನ್ನು ಎರಡು ಪಾಲು ಮಾಡುತ್ತೇನೆ. 0.10ರ ವರ್ಗದಲ್ಲಿ 0.09ರ ವರ್ಗ ಕಳೆಯಿರಿ. ಉಳಿಯುವುದು 0.0019, ಅದರ ವರ್ಗಮೂಲ ಸುಮಾರು 0.044. ಒಂದೇ ಕಡೆಗೆ ವಾಲಿದ ತಪ್ಪು ತೆಗೆದರೆ ನಿಮ್ಮ ಚದುರಿದ ತಪ್ಪು ಅಷ್ಟೇ.

ಹಾಂ, ಈ ಸೂತ್ರಕ್ಕೆ ಬೇಕಾದದ್ದು ಸಾವಯವ ವಸ್ತು, ಇಂಗಾಲವಲ್ಲ. ಮಣ್ಣು ಪರೀಕ್ಷೆಯ ಇಂಗಾಲದ ಅಂಕಿಯನ್ನು 1.72ರಿಂದ ಗುಣಿಸಿ ಹಾಕಿ.

ನಾಲೆಬದಿ: ಎರಡೂ ಸರಿ ಮಾಡಿದೆ ಸರ್. ಸರಾಸರಿ ತಪ್ಪು 0.01ಕ್ಕೆ ಇಳಿಯಿತು, ಆರ್‌ಎಂಎಸ್‌ಇ 0.045. ತುಂಬಾ ಸಮಾಧಾನ ಆಯ್ತು. ಆದರೆ ಕಪ್ಪು ಮಣ್ಣಿನ 4 ಮಾದರಿಯಲ್ಲಿ ಮಾತ್ರ ಸೂತ್ರ ಈಗ 0.07 ಕಡಿಮೆ ಹೇಳುತ್ತಿದೆ.

ಮಣ್ಣುಮಾತು: ಅವುಗಳ ಡೆನ್ಸಿಟಿಯನ್ನು ಒಣಗಿದ ನೆಲದಲ್ಲಿ ಅಳೆದಿರಾ? ಕಪ್ಪು ಮಣ್ಣು ಒಣಗಿದಾಗ ಕುಗ್ಗಿ ಬಿಗಿಯಾಗುತ್ತದೆ. ಡೆನ್ಸಿಟಿ ಜಾಸ್ತಿ ಬರುತ್ತದೆ. ಅದರಿಂದ ಗುಣಿಸಿದರೆ ನಿಮ್ಮ ‘ಅಳೆದ’ ನೀರೇ ಉಬ್ಬುತ್ತದೆ. ಜೊತೆಗೆ, ಸೂತ್ರಕ್ಕೆ ಜೇಡಿ ಎಷ್ಟು ಅಂತ ಗೊತ್ತು, ಹಿಗ್ಗುವ ಜೇಡಿಯೋ ಅಲ್ವೋ ಅಂತ ಗೊತ್ತಿಲ್ಲ. ಕೆಂಪು, ಕಪ್ಪು ಎರಡರ ಆರ್‌ಎಂಎಸ್‌ಇ ಬೇರೆ ಬೇರೆ ಬರೆದಿಡಿ. ಸೇರಿಸಿ ಸರಾಸರಿ ತೆಗೆದರೆ ಆ ನಾಲ್ಕು ಮುಚ್ಚಿಹೋಗುತ್ತವೆ.

ನಾಗಮಂಗಲದ ಮಾದರಿಯಲ್ಲಿ ಜಲ್ಲಿಕಲ್ಲು ಇದ್ದರೆ ಅದನ್ನೂ ನೋಡಿ. ಲ್ಯಾಬಿನಲ್ಲಿ 2 ಮಿ.ಮೀ. ಜರಡಿ ಹಿಡಿದು ಕಲ್ಲು ತೆಗೆದಿರುತ್ತಾರೆ. ಹೊಲದಲ್ಲಿ ಆ ಜಾಗ ಹೆಚ್ಚುಕಡಿಮೆ ನೀರೇ ಹಿಡಿಯದು.

ನಾಲೆಬದಿ: ಬೇಸಿಗೆಯಲ್ಲೇ ಕೋರ್ (ಡೆನ್ಸಿಟಿ ಅಳೆಯಲು ಕೊಳವೆಯಲ್ಲಿ ತೆಗೆಯುವ ಮಣ್ಣು) ತೆಗೆದಿದ್ದು ಸರ್. 0.07 ಅಂದರೆ 30 ಸೆಂ.ಮೀ. ಬೇರಿನ ಆಳಕ್ಕೆ 21 ಮಿ.ಮೀ. ನೀರು, ಸುಮ್ನೆ ಬಿಡೋ ಹಾಗಿಲ್ಲ. ನಾಲೆಗೆ ನೀರು ಬಂದು ಗದ್ದೆ ಚೆನ್ನಾಗಿ ನೆನೆದ ಮೇಲೆ, ಎರಡು ದಿನ ಬಸಿಯಲು ಬಿಟ್ಟು ಆ ನಾಲ್ಕು ಜಾಗದಲ್ಲಿ ಮತ್ತೆ ಕೋರ್ ತೆಗೆದು ಇಲ್ಲೇ ಹಾಕುತ್ತೇನೆ.